ಕೊಸರಿನ ಕಂಬಳಿ

ಆ ಕಂಬಳಿಗೆ ನನ್ನ ಅತ್ತೆ ಕೊಟ್ಟದ್ದು ಹದಿನಾಲ್ಕು ನೂರು ರೂಪಾಯಿ. ನೇಯ್ದವನು ಹದಿನೆಂಟು ಹೇಳಿದ್ದ. ಅದೇ ಕಂಬಳಿ ನನಗೆ ಬಿದ್ದದ್ದು ಇಪ್ಪತ್ತಾರು ದಿನಕ್ಕೆ, ಹೋಗಿಬರುವ ಆರು ಬಸ್ಸಿಗೆ, ಬೆಳಿಗ್ಗೆಗೆ ಐದರಂತೆ ಒಣಗಿಹೋದ ಜೋಳದ ರೊಟ್ಟಿಗಳಿಗೆ. ಇನ್ನೊಂದು ವಾರ ಕಳೆದಿದ್ದರೆ ಮನೆಯ ಜೋಡೆತ್ತಿಗೂ ಬೀಳುತ್ತಿತ್ತು. ನಾನು ಬಳೆಗಾರರ ಮಗಳು. ಅಷ್ಟು ದುಬಾರಿ ವ್ಯಾಪಾರ ಅದಕ್ಕೂ ಮೊದಲು ಮಾಡಿರಲಿಲ್ಲ, ಆಮೇಲೂ ಮಾಡಿಲ್ಲ. ಯಾಕೆ ಅಷ್ಟಾಯಿತು ಎಂದರೆ, ಮಾತಿನಲ್ಲಿ ಇಡಬಾರದ ವಸ್ತುವನ್ನು ಮಾತಿನಲ್ಲಿ ಇಟ್ಟೆ. ಅದನ್ನು ಬಿಡಿಸಿ ಹೇಳುತ್ತೇನೆ.

ಈಗ ಚೌಡಾಪುರದ ರಸ್ತೆಗೆ ಹತ್ತಿಕೊಂಡು ನನ್ನದೊಂದು ಅಂಗಡಿ ಇದೆ. ಬಳೆ, ರಿಬ್ಬನ್ನು, ಸ್ಟೀಲಿನ ಡಬ್ಬಿ, ಪ್ಲಾಸ್ಟಿಕ್ ಕೊಡ. ಅಲ್ಲಿ ನನ್ನ ಜೊತೆ ಚೌಕಾಸಿ ಮಾಡಿ ಗೆದ್ದು ಹೋದವರನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ನಾನು ಹೇಳುವ ಕಾಲಕ್ಕೆ ಅಂಗಡಿ ಇರಲಿಲ್ಲ. ತಲೆಯ ಮೇಲೊಂದು ಬುಟ್ಟಿ ಇತ್ತು. ಅಮಾವಾಸ್ಯೆಗೊಮ್ಮೆ ಘತ್ತರಗಿಗೆ ಒಯ್ದು, ಗುಡಿಗೆ ಬಂದ ಹೆಂಗಸರಿಗೆ ಬಳೆ ಇಡಿಸಿ ಬರುತ್ತಿದ್ದೆ. ಉಳಿದ ದಿನ ಒಕ್ಕಲುತನದ ಮನೆಯ ಸೊಸೆ.

ಮನೆ ಅಫಜಲಪುರ ತಾಲೂಕಿನಲ್ಲಿ, ಭೀಮಾ ಹೊಳೆಗೆ ದೂರವಲ್ಲದ ಒಂದು ಊರು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಬಾಗಿಲು ದಾಟಿದರೆ ಕೆಳಗೆ ಎತ್ತು, ಎಮ್ಮೆ. ಮೂರು ಮೆಟ್ಟಿಲು ಹತ್ತಿದರೆ ಮನುಷ್ಯರು. ಆಳಂದದಲ್ಲಿ ದರ್ಗಾದ ಬೀದಿಯ ಅಂಗಡಿಗಳ ನಡುವೆ ಬೆಳೆದ ನನಗೆ, ಎತ್ತು ಮೆಲುಕು ಹಾಕುವುದನ್ನು ಕೇಳುತ್ತ ಊಟ ಮಾಡುವುದು ಮೊದಮೊದಲು ಕಷ್ಟವಾಗಿತ್ತು. ಹನ್ನೊಂದು ಎಕರೆ ಎರೆ ಭೂಮಿ, ಹೆಚ್ಚಿನದರಲ್ಲಿ ತೊಗರಿ, ತಿನ್ನುವಷ್ಟು ಜೋಳ. ಮನೆಯಲ್ಲಿ ಅತ್ತೆ, ನನ್ನ ಗಂಡ, ನಾನು. ಮನೆಯೊಳಗೆ ಉರ್ದು, ಅಂಗಳಕ್ಕೆ ಇಳಿದರೆ ಕನ್ನಡ. ಅತ್ತೆಗೆ ಸಿಟ್ಟು ಬಂದಾಗ ಮಾತ್ರ ಒಳಗೂ ಕನ್ನಡವೇ.

ನಾಲ್ಕನೆಯವರು ನಮ್ಮ ವರ್ಷದ ಆಳು. ಯುಗಾದಿಯಿಂದ ಯುಗಾದಿಯವರೆಗೆ ಒಂದೇ ಮನೆಯ ಹೊಲಕ್ಕೆ, ಎತ್ತಿಗೆ ಮಾತು ಕೊಟ್ಟು ನಿಲ್ಲುವವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಐವತ್ತು ದಾಟಿದ ಮನುಷ್ಯ, ಹೆಂಡತಿ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ಜೇವರ್ಗಿ ಕಡೆ ಅಂದೋಲಾದ ಹತ್ತಿರ ಕೊಟ್ಟಿದ್ದರು. ನಾನು ಅವರನ್ನು ಕಾಕಾ ಅನ್ನುತ್ತಿದ್ದೆ. ಅವರು ನನ್ನ ಅತ್ತೆಗೆ ಅಕ್ಕಾ, ನನಗೆ ಸಣ್ಣವ್ವ. ನನ್ನ ಗಂಡನ ಬಲಗೈಯ ಎರಡು ಬೆರಳು ಕಾಳು ಒಕ್ಕುವ ರಾಶಿ ಮಷಿನ್ನಿಗೆ ಸಿಕ್ಕಿ, ನೇಗಿಲಿನ ಮೇಳಿ ಬಿಗಿಹಿಡಿಯುವ ಶಕ್ತಿ ಹೋಗಿತ್ತು. ಟ್ರ್ಯಾಕ್ಟರ್ ಇದೆಯಲ್ಲ ಎಂದು ನೀವು ಕೇಳಬಹುದು. ನೇಗಿಲು ಹೊಡೆಯಲು ಟ್ರ್ಯಾಕ್ಟರ್ ಆದೀತು. ಎರೆ ನೆಲ ಮಳೆಗೆ ಅಂಟಾದಾಗ, ತೊಗರಿಯ ಸಾಲಿನ ನಡುವೆ ಕಳೆ ತೆಗೆಯಲು ಎತ್ತೇ ಬೇಕು, ಎತ್ತಿನ ಹಿಂದೆ ಅವುಗಳನ್ನು ಬಲ್ಲ ಕೈ ಬೇಕು. ಆ ಕೈ ಕಾಕಾನದು. ಅವರು ಇರುವವರೆಗೆ ನಮ್ಮದು ಒಕ್ಕಲುತನದ ಮನೆ. ಅವರಿಲ್ಲದಿದ್ದರೆ ಹೊಲವನ್ನು ಇನ್ನೊಬ್ಬರಿಗೆ ಪಾಲಿಗೆ ಹಚ್ಚಿ, ಸುಗ್ಗಿಯ ದಿನ ಚೀಲ ಹಿಡಿದು ನಿಲ್ಲುವವರ ಮನೆ.

ಅತ್ತೆ ಬೆಳಿಗ್ಗೆ ಬಡಿಯುವ ಮೊದಲ ಐದು ರೊಟ್ಟಿ ಕಾಕಾನ ಬುತ್ತಿಗೆ. ದಪ್ಪ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ, ಒಂದು ಉಳ್ಳಾಗಡ್ಡಿ. ಕಾಕಾ ಮಾಂಸ ತಿನ್ನದವರು. ನಮ್ಮಲ್ಲಿ ಮಾಂಸ ಬೇಯುವ ದಿನ ಅತ್ತೆ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಬೇರೆ ಗಡಿಗೆಯಲ್ಲಿ ಅವರ ಪಲ್ಯ ಮಾಡುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ನನಗೆ ಅದು ಕಟ್ಟಿಗೆ ದಂಡ ಅನಿಸುತ್ತಿತ್ತು.

ಇನ್ನು ಯುಗಾದಿಯ ಮಾತು. ಅಮಾವಾಸ್ಯೆಯ ದಿನ ಕಾಕಾ ಎತ್ತು ಮೈತೊಳೆದು, ಬಾರುಕೋಲನ್ನು ಬಾಗಿಲ ಪಕ್ಕದ ಗೂಟಕ್ಕೆ ತೂಗುಹಾಕುತ್ತಿದ್ದರು. ವರ್ಷ ಮುಗಿಯಿತು ಎಂದರ್ಥ. ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮಾತು. ಪಕ್ಕದ ಮನೆಯ ಮುದುಕರು, ಎಲ್ಲರ ಬಾಯಲ್ಲೂ ಮುತ್ಯಾ, ಸಾಕ್ಷಿಗೆ ಬರುತ್ತಿದ್ದರು, ಅವರ ಮನೆಯಿಂದ ಒಂದು ತಂಬಿಗೆ ಬೇವು, ಬೇವಿನ ಹೂ ಹಾಕಿದ ಬೆಲ್ಲದ ಪಾನಕ, ಬರುತ್ತಿತ್ತು. ಸಂಬಳಕ್ಕೆ ಊರ ದರ ಇರುತ್ತಿತ್ತು, ಅದರಲ್ಲಿ ಎಳೆದಾಟವಿಲ್ಲ. ಎಳೆದಾಟವೆಲ್ಲ ಸಂಬಳದ ಮೇಲೆ ಕೊಡುವ ಜೋಳದ ಚೀಲದ್ದು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಕೇಳಿದ್ದು ಇನ್ನೂ ಕಿವಿಯಲ್ಲಿದೆ.

"ಎರಡ ಚೀಲ ಹೆಚ್ಚ ಮಾಡ್ರಿ ಅಕ್ಕಾ" ಎಂದರು ಕಾಕಾ.

"ಎರಡ ಚೀಲ? ಹೊಲಾನ ಬರದ ಕೊಡ್ಲೇನು ನಿನಗ?" ಅತ್ತೆ ಕೇಳಿದರು.

"ಬರದ ಕೊಟ್ರ ಒಲ್ಲೆ ಅನ್ನಂಗಿಲ್ರಿ."

"ಬರಸ್ಕೋ ಬರಸ್ಕೋ" ಎಂದರು ಮುತ್ಯಾ, "ಸಾಕ್ಷಿ ಹೆಬ್ಬೆಟ್ಟು ನಾ ಒತ್ತೇನಿ. ಆದ್ರ ಆಕಿ ನಾಲಿಗೀನೂ ಹೊಲದ ಸಂಗಡ ಬರ್ತದ, ನೋಡ್ಕೋ."

ಹೀಗೆ ಒಂದು ತಾಸು. ಕೊನೆಗೆ ಒಂದೋ ಅರ್ಧವೋ ಚೀಲಕ್ಕೆ ಮಾತು ನಿಲ್ಲುತ್ತಿತ್ತು. ಅತ್ತೆ ಎದ್ದು ಗೂಟದಿಂದ ಬಾರುಕೋಲು ತೆಗೆದು ಕಾಕಾನ ಕೈಗೆ ಕೊಟ್ಟರೆ ಆ ವರ್ಷಕ್ಕೆ ಗಂಟು ಬಿದ್ದಂತೆ. ಕಾಕಾ ಬೇವು ಕುಡಿದು ಎದ್ದು ಹೊರಡುತ್ತಿದ್ದರು. ನಾಲ್ಕು ಹೆಜ್ಜೆ ಹೋದ ಮೇಲೆ ಅತ್ತೆ, ಏನೋ ಮರೆತವರ ಹಾಗೆ, "ಏ ತಮ್ಮಾ, ನಿಲ್ಲು" ಎಂದು ಒಳಗೆ ಹೋಗಿ ಟ್ರಂಕಿನಿಂದ ಒಂದು ಹೊಸ ಕರಿಯ ಕಂಬಳಿ ತಂದು ಅವರ ಹೆಗಲಿಗೆ ಹಾಕುತ್ತಿದ್ದರು.

"ಈಗ್ಯಾಕ್ರಿ ಅಕ್ಕಾ, ಬ್ಯಾಸಗಿ ಅದ" ಎನ್ನುತ್ತಿದ್ದರು ಕಾಕಾ.

"ಮಳಿ ಹೇಳಿ ಬರ್ತದೇನು?" ಎನ್ನುತ್ತಿದ್ದರು ಅತ್ತೆ.

ವರ್ಷ ವರ್ಷ ಇದೇ ಎರಡು ಮಾತು. ಒಂದಕ್ಷರ ಆಚೀಚೆ ಇಲ್ಲ. ಕಾಕಾ ಆ ಸುಡುಬಿಸಿಲಿನಲ್ಲಿ ಉಣ್ಣೆಯ ಕಂಬಳಿ ಹೆಗಲ ಮೇಲೆ ಹಾಕಿಕೊಂಡು, ಹತ್ತಿರದ ಓಣಿ ಬಿಟ್ಟು, ಚಹಾದ ಅಂಗಡಿ, ಊರಬಾಗಿಲ ಅಗಸಿ ಎಲ್ಲ ಸುತ್ತಿ ಮನೆಗೆ ಹೋಗುತ್ತಿದ್ದರು.

ನಾನು ಇದನ್ನು ನಾಲ್ಕು ವರ್ಷ ನೋಡಿದೆ. ನಾಲ್ಕು ವರ್ಷವೂ ಹೊಟ್ಟೆ ಉರಿಯಿತು. ಮಾತು ಮುಗಿದಿದೆ, ಬಾರುಕೋಲು ಕೈಗೆ ಹೋಗಿದೆ, ಅವರು ಒಪ್ಪಿ ಎದ್ದಿದ್ದಾರೆ. ಆಮೇಲೆ ಹದಿನಾಲ್ಕು ನೂರರ ಮಾಲು ಯಾಕೆ ಹೋಗಬೇಕು? ಕೊಡುವುದೇ ಆದರೆ ಮೊದಲೇ ತೋರಿಸಿ, ಅದಕ್ಕೆ ಒಂದು ಚೀಲ ಇಳಿಸಿಕೊಳ್ಳಬೇಕಲ್ಲ? ಅಷ್ಟು ಕಂಬಳಿ ಅವರಿಗೆ ತಾನೆ ಯಾಕೆ? ಅತ್ತೆಗೆ ವ್ಯಾಪಾರ ತಿಳಿಯುವುದಿಲ್ಲ ಎಂದು ನನ್ನ ಮಟ್ಟಿಗೆ ತೀರ್ಮಾನ ಮಾಡಿಬಿಟ್ಟಿದ್ದೆ.

ಐದನೆಯ ಯುಗಾದಿಗೆ ಅತ್ತೆಗೆ ಜ್ವರ ಬಂದು ಮೈಯಲ್ಲಿ ಏಳುವ ಶಕ್ತಿ ಇರಲಿಲ್ಲ. "ಈ ಸಲ ನೀನೇ ಕೂಡು ಮಾತಿಗೆ. ಕಂಬಳಿ ಟ್ರಂಕಿನಲ್ಲಿದೆ" ಎಂದರು. ಅದನ್ನು ನಾನು ಅಂಗಡಿಯಲ್ಲಿರುವ ಮಾಲಿನ ಲೆಕ್ಕ ಹೇಳಿದ ಹಾಗೆ ಕೇಳಿಸಿಕೊಂಡೆ.

ಕಟ್ಟೆಯ ಮೇಲೆ ಕೂತೆ. ಕಾಕಾ ಎರಡು ಚೀಲ ಎಂದರು, ನಾನು ಕಾಲು ಚೀಲ ಎಂದೆ. ಮುತ್ಯಾ ನಕ್ಕು, "ಬಳಿಗಾರ್ತಿ ಕೈಯಾಗ ಸಿಕ್ಕೀದಿ, ಮಣಿಕಟ್ಟು ಜ್ವಾಕಿ" ಎಂದರು. ಕಾಕಾ ಕೂಡ ನಕ್ಕರು. ಅವರು ಒಂದೂವರೆಗೆ ಇಳಿದರು, ನಾನು ಅರ್ಧಕ್ಕೆ ಏರಿದೆ. ಒಂದು ಚೀಲಕ್ಕೆ ಬಂದು ನಿಂತಿತು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ಹಂಗಾದ್ರ ಕಾಕಾ, ಕಂಬಳಿನೂ ಮಾತಿನ್ಯಾಗ ಹಿಡೀರಿ" ಎಂದೆ. "ಹದಿನಾಲ್ಕು ನೂರಿಂದು ಅದ. ಚೀಲ ಬೇಕಂದ್ರ ಚೀಲ, ಕಂಬಳಿ ಬೇಕಂದ್ರ ಕಂಬಳಿ. ಎರಡೂ ಅಂದ್ರ ನಮಗೂ ಭಾರ ಆಗ್ತದಲ್ರಿ."

ಮುತ್ಯಾ ಎಲೆಗೆ ಸುಣ್ಣ ಹಚ್ಚುತ್ತಿದ್ದವರು ಬೆರಳನ್ನು ಹಾಗೆಯೇ ಹಿಡಿದು ಕೂತರು. ಕಾಕಾ ನನ್ನನ್ನು ನೋಡಲಿಲ್ಲ. ಗೂಟದ ಮೇಲಿನ ಬಾರುಕೋಲು ನೋಡಿದರು.

"ಆಗ್ಲಿ ಸಣ್ಣವ್ವ. ಚೀಲ ಸಾಕ್ರಿ" ಎಂದರು.

ನಾನು ಬಾರುಕೋಲು ತೆಗೆದು ಕೊಟ್ಟೆ. ತಗೊಂಡರು. ಬೇವು ಕುಡಿದರು. ನಾಲ್ಕು ಹೆಜ್ಜೆ ಹೋದರು, ಐದು, ಆರು, ನಾನು ಕರೆಯಲಿಲ್ಲ. ಒಳಗೆ ಅತ್ತೆ ಮಂಪರಿನಲ್ಲಿದ್ದರು. ಅವರ ಜ್ವರ ಇಳಿದ ಮೇಲೆ ಕಂಬಳಿ ಉಳಿಸಿದ ಸುದ್ದಿ ಹೇಳಿ ಶಹಬ್ಬಾಸ್ ಪಡೆಯಬೇಕು ಎಂದುಕೊಂಡೆ.

ಮರುದಿನ ಬೆಳಕು ಹರಿದಾಗ ಕೆಳಗೆ ಸೆಗಣಿ ಬಾಚಿಯಾಗಿತ್ತು. ಎತ್ತಿಗೆ ನೀರು ಕುಡಿಸಿ, ಮುಂದೆ ಕಣಿಕೆಯ ಮೇವು ಹಾಕಿತ್ತು. ಎಮ್ಮೆಯ ಕಾಲಡಿ ಒಣ ಮಣ್ಣು ಹರಡಿತ್ತು. ಬಾರುಕೋಲು ಮಾತ್ರ ಮತ್ತೆ ಗೂಟದ ಮೇಲೆ ಇತ್ತು. ಕೆಳಗೆ, ಗೋಡೆಗೆ ಒರಗಿಸಿ, ಹಿಂದಿನ ಸಂಜೆ ಅವರ ಮನೆಗೆ ಕಳಿಸಿದ್ದ ಜೋಳದ ಚೀಲ; ಅದರ ಬಾಯಿಯ ಹೊಲಿಗೆ ಕೂಡ ಬಿಚ್ಚಿರಲಿಲ್ಲ.

ಕಾಕಾ ಮೊದಲ ಬಸ್ಸಿಗೆ ಮಗಳ ಊರಿಗೆ ಹೋದರು ಎಂದು ಮುತ್ಯಾ ಹೇಳಿದರು. ಆಮೇಲೆ, "ನಾ ಇಷ್ಟ ವರ್ಷ ಸಾಕ್ಷಿ ಕೂತೇನಿ. ಇಂಥಾ ಮಾತಿಗಿ ಕೂತಿದ್ದಿಲ್ಲ" ಎಂದು ಹೊರಟುಹೋದರು.

ಮೂರು ದಿನಕ್ಕೆ ಅತ್ತೆಯ ಜ್ವರ ಇಳಿಯಿತು. ಗೋಡೆ ಹಿಡಿದು ಹೊರಗೆ ಬಂದವರು ಗೂಟ ನೋಡಿದರು, ಚೀಲ ನೋಡಿದರು. ನಾನು ನಡೆದದ್ದನ್ನು ಹೇಳಿದೆ. ಉರ್ದುವಿನಲ್ಲಿ ಹೇಳಿದೆ, ಅವರು ಉತ್ತರ ಕೊಟ್ಟದ್ದು ಕನ್ನಡದಲ್ಲಿ.

"ಕಂಬಳಿದು ಬೆಲಿ ಹೇಳಿದಿ?"

"ಹೌದ್ರಿ ಅಮ್ಮಾ."

"ಮುತ್ಯಾನ ಮುಂದ?"

"ಹೌದ್ರಿ."

"ಚಲೋ ಆತು ಬೇ. ಇನ್ನ ಎತ್ತು ನೀನೇ ಹೂಡ್ಕೋ" ಎಂದು ಒಳಗೆ ಹೋದರು.

ಸಮಸ್ಯೆ ಎಲ್ಲಿದೆ ಎಂದು ನಿಮಗೆ ತಿಳಿಯಬೇಕು. ಯುಗಾದಿ ದಾಟಿದ ಮೇಲೆ ನಮ್ಮ ಕಡೆ ವರ್ಷದ ಆಳು ಸಿಗುವುದಿಲ್ಲ. ಎಲ್ಲರೂ ಎಲ್ಲೆಲ್ಲೋ ಮಾತು ಕೊಟ್ಟಾಗಿರುತ್ತದೆ, ಕೊಟ್ಟ ಮಾತು ಬಿಟ್ಟು ಬರುವವನನ್ನು ಯಾರೂ ನಂಬುವುದಿಲ್ಲ. ಹೊಲ ಹರಗುವುದಿತ್ತು, ತಿಪ್ಪೆಯ ಗೊಬ್ಬರ ಹೇರುವುದಿತ್ತು. ನನ್ನ ಗಂಡ ಒಂದು ದಿನ ಎತ್ತು ಹೂಡಿದರು. ಬಲಕ್ಕೆ ಕಟ್ಟುವ ಎತ್ತು ಹೊಲದ ತಿರುವಿನಲ್ಲಿ ಜಗ್ಗಿತು, ಬೆರಳಿಲ್ಲದ ಕೈಯಿಂದ ಹಗ್ಗ ಜಾರಿತು, ಕುಂಟೆ ಸಮೇತ ಬದುವಿನ ಮೇಲೆ ಬಿದ್ದರು. ಅಂಗಿ ಹರಿದುಕೊಂಡು ಮನೆಗೆ ಬಂದು, ಯಾರ ಮೇಲೂ ಸಿಟ್ಟು ಮಾಡದೆ, ಕೈತೊಳೆದುಕೊಂಡು ಕೂತರು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಫೋನ್ ಮಾಡಿದೆ. ನನಗೆ ಗೊತ್ತಿದ್ದ ವಿದ್ಯೆ ಒಂದೇ.

"ಕಾಕಾ, ಒಂದೂವರಿ ಚೀಲ ಮಾಡ್ತೇನಿ, ಬರ್ರಿ."

"ಇಲ್ರಿ ಸಣ್ಣವ್ವ. ಮಗಳ ಮನ್ಯಾಗ ಕೆಲಸ ಅದ. ಎತ್ತಿಗಿ ಮಧ್ಯಾಹ್ನ ನೀರು ಕುಡಸಬ್ಯಾಡ್ರಿ, ಬಿಸಿಲು ಇಳದ ಮ್ಯಾಲೆ ಕುಡಸ್ರಿ."

ನಾಲ್ಕು ದಿನ ಬಿಟ್ಟು ಎರಡು ಚೀಲ ಎಂದೆ. ಆಗಲೂ ಇಲ್ಲ, ನೊಗ ಉಜ್ಜಿ ಎತ್ತಿನ ಕುತ್ತಿಗೆಗೆ ಗಾಯವಾಗಿದೆ ಎಂದದ್ದಕ್ಕೆ ಅರಿಶಿನ ಹಚ್ಚಲು ಹೇಳಿಕೊಟ್ಟರು. ಎತ್ತಿನ ಬಗ್ಗೆ ಇಷ್ಟು ಹೇಳಿಕೊಡುವ ಮನುಷ್ಯನಿಗೆ ಬರುವ ಮನಸ್ಸಿದೆ, ಬೆಲೆ ಏರಲಿ ಎಂದು ಕಾಯುತ್ತಿದ್ದಾರೆ ಎಂದುಕೊಂಡೆ. ಎರಡು ಚೀಲದ ಮೇಲೆ ಕಂಬಳಿಯನ್ನೂ ಸೇರಿಸಿದೆ. "ಇಡ್ತೇನ್ರಿ" ಎಂದು ಫೋನ್ ಇಟ್ಟರು. ಹೆಚ್ಚು ಕೊಡುತ್ತೇನೆ ಎಂದಷ್ಟೂ ದೂರ ಸರಿಯುವ ಗಿರಾಕಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಮನೆಯಲ್ಲಿ ಅತ್ತೆ ಐದು ರೊಟ್ಟಿ ಹೆಚ್ಚು ಬಡಿಯುವುದನ್ನು ಬಿಡಲಿಲ್ಲ. ಬೇಡ ಎಂದರೆ, "ಕೈಗೆ ರೂಢಿ" ಎನ್ನುತ್ತಿದ್ದರು. ಸಂಜೆಗೆ ಆ ರೊಟ್ಟಿ ಎಮ್ಮೆಯ ಮುಂದೆ ಹೋಗುತ್ತಿತ್ತು. ಇಪ್ಪತ್ತನೆಯ ದಿನವೋ ಏನೋ, ಎತ್ತು ಕೊಳ್ಳುವವನೊಬ್ಬ ಬಂದು ಹಲ್ಲು ನೋಡಿ, ಹೆಗಲ ಮೇಲಿನ ಹಿಣಿಲು ಮುಟ್ಟಿ, ನನ್ನ ಗಂಡನೊಡನೆ ಮಾತಾಡಿ ಹೋದ. ಮುಂದಿನ ಸಂತೆಯೊಳಗೆ ಹೇಳುತ್ತೇನೆ ಎಂದಿದ್ದರು ಇವರು. "ಹೊಲ ಪಾಲಿಗೆ ಹಚ್ಚೋಣ. ಎತ್ತು ಕಟ್ಟಿ ಮೇಯಿಸಿ ಏನು ಮಾಡುವುದು" ಎಂದು ಅತ್ತೆಗೆ ಹೇಳಿದರು. ಅತ್ತೆ ಕೆಳಗಿಳಿದು ಎತ್ತಿನ ಮೈ ತಿಕ್ಕತೊಡಗಿದರು.

ನಾನೂ ಹಿಂದೆಯೇ ಇಳಿದೆ. ಅವರು ತಿರುಗಿ ನೋಡದೆ ಕೇಳಿದರು.

"ನಿಮ್ಮಪ್ಪ ಒಂದು ಡಜನ್ ಬಳಿ ಇಡಸಿದ ಮ್ಯಾಲೆ ಏನ್ ಮಾಡ್ತಾನ?"

"ಒಂದು ಮ್ಯಾಲೆ ಇಡಸ್ತಾರ."

"ಯಾವಾಗ? ರೊಕ್ಕ ತಗೊಳ್ಳೂದಕ್ಕ ಮದಲೋ, ಆಮ್ಯಾಲೋ?"

"ಆಮ್ಯಾಲ್ರಿ. ಆಕಿ ಕೈ ಹಿಂದ ತಗೊಳ್ಳೂ ಹೊತ್ತಿಗೆ ಮತ್ತ ಹಿಡದು ಇಡಸ್ತಾರ."

"ಅದರದು ಬೆಲಿ ಹೇಳ್ತಾನೇನು?"

ಕೊಸರು ಅಂದರೆ ಏನು ಎಂದು ನನಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಘತ್ತರಗಿಯಲ್ಲಿ ಅಮಾವಾಸ್ಯೆ ಅಮಾವಾಸ್ಯೆಗೆ ನಾನೇ ಎಷ್ಟು ಕೈಗೆ ಆ ಹದಿಮೂರನೆಯ ಬಳೆ ಇಡಿಸಿದ್ದೆ. ಅಳತೆ ಮುಗಿದ ಮೇಲೆ ಬೀಳುವ ಆ ಒಂದಕ್ಕೇ ಗಿರಾಕಿ ಮುಂದಿನ ಅಮಾವಾಸ್ಯೆಗೆ ನನ್ನ ಬುಟ್ಟಿಯನ್ನೇ ಹುಡುಕಿಕೊಂಡು ಬರುತ್ತಿದ್ದದ್ದು. ಡಜನ್ನಿಗೆ ಅವಳು ರೊಕ್ಕ ಕೊಟ್ಟಿರುತ್ತಾಳೆ, ಅದು ಅವಳ ಹಕ್ಕು. ಹದಿಮೂರನೆಯದು ನಾನು ಅವಳ ಕೈಯನ್ನು ಇನ್ನೊಮ್ಮೆ ಹಿಡಿದದ್ದು. ಇಷ್ಟು ಗೊತ್ತಿದ್ದೂ ಮನೆಯ ಮನುಷ್ಯನ ಕೊಸರಿಗೆ ಬೆಲೆ ಕಟ್ಟಿ ಬೀದಿಯಲ್ಲಿ ಕೂಗಿದ್ದೆ.

"ನಾಳೆ ಹೋಗ್ತೇನಿ. ಕಂಬಳಿ ಒಯ್ತೇನಿ" ಎಂದೆ.

"ಕಂಬಳಿ ಒಯ್ದರ ಅದೂ ಬೆಲಿನೇ ಆಗ್ತದ. ಬಾರಕೋಲ ಒಯ್ಯಿ" ಎಂದರು.

ಹೀಗೆ ನಾನು ಬಾರುಕೋಲು ಹಿಡಿದು ಬಸ್ ಹತ್ತಿದೆ. ಕಲಬುರಗಿಯಲ್ಲಿ ಬಸ್ ಬದಲಿಸಿ, ಜೇವರ್ಗಿಯಲ್ಲಿ ಮತ್ತೊಮ್ಮೆ ಬದಲಿಸಿ ಹೋಗಬೇಕು. ಮಾರುದ್ದದ ಕೋಲು, ತುದಿಗೆ ಚರ್ಮದ ಬಾರು. ಜನ ಜಾಗ ಬಿಟ್ಟು ಕೂತರು.

"ಯಾರಿಗಿ ಹೊಡೀಲಿಕ್ಕ ಹೊಂಟೀರಿ ಅಕ್ಕಾರೆ?" ಎಂದ ಕಂಡಕ್ಟರ್.

"ಹೊಡಸ್ಕೊಳ್ಳಾಕ ಹೊಂಟೇನ್ರಿ" ಎಂದೆ. ಅವನು ಕೋಲಿಗೆ ಅರ್ಧ ಟಿಕೆಟ್ ಹರಿಯುತ್ತೇನೆ ಎಂದು ಚೇಷ್ಟೆ ಮಾಡಿದ. ಬೇರೆ ದಿನವಾಗಿದ್ದರೆ ಅವನಿಗೊಂದು ಉತ್ತರ ಕೊಡುತ್ತಿದ್ದೆ.

ಕಾಕಾನ ಮಗಳ ಮನೆ ಊರ ಹೊರಗಿನ ಎರಡು ಕೋಣೆಯ ಮನೆ. ಬಾಗಿಲಲ್ಲಿ ಅವಳೇ ನಿಂತಿದ್ದಳು, ನನ್ನ ವಯಸ್ಸಿನವಳು, ಕೈಯಲ್ಲಿ ಮೊರ.

"ಬರ್ರಿ ಚೀಲದೋರ" ಎಂದಳು. "ಫೋನಿನ್ಯಾಗ ಎರಡಕ್ಕ ಬಂದಿದ್ರಿ. ಮನಿತನಕ ಬರೂದ್ರಾಗ ಎಷ್ಟ ಆಗ್ಯಾವ?"

"ಬಾಯಿ ಮುಚ್ಚು, ನೀರು ಕೊಡು" ಎಂದು ಒಳಗಿನಿಂದ ಕಾಕಾನ ದನಿ ಬಂತು. ಹೊರಸಿನ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿ, ಮತ್ತೆ ಹೊಸೆಯತೊಡಗಿದರು.

ನೀರು ಕುಡಿಯುವಾಗ ನನ್ನ ಕಣ್ಣು ಮನೆಯೊಳಗೆಲ್ಲ ಓಡಾಡಿತು. ನಾನು ಲೆಕ್ಕ ಹಾಕಿದ್ದ ಕಂಬಳಿಗಳೆಲ್ಲ ಅಲ್ಲಿದ್ದವು. ಒಂದು ಕೂಸಿನ ತೊಟ್ಟಿಲಲ್ಲಿ, ಮಡಿಚಿ ಹಾಸಿತ್ತು. ಒಂದು ಹೊರಸಿನ ಮೇಲೆ. ಒಂದು ಬಾಗಿಲಿಗೆ ಅಡ್ಡ ಕಟ್ಟಿತ್ತು. ಹಳೆಯದೊಂದು ಆಕಳ ಬೆನ್ನಿನ ಮೇಲಿತ್ತು. ಉಳಿದವು ಗೋಡೆಯ ಹಗ್ಗದ ಮೇಲೆ ಒಂದರ ಮೇಲೊಂದು. ನಾನು ನೋಡುತ್ತಿರುವುದನ್ನು ಮಗಳು ನೋಡಿದಳು.

"ಎಣಸ್ರಿ, ಎಣಸ್ರಿ" ಎಂದಳು. ಆಮೇಲೆ ಅವಳ ದನಿಯೇ ಸ್ವಲ್ಪ ಇಳಿಯಿತು. "ತೊಟ್ಟಿಲದಾಗಿಂದು ನನ್ನ ಮದುವಿ ವರ್ಷದ್ದು. ಬಾಗಿಲಿಗಿ ಕಟ್ಟಿದ್ದು ನಮ್ಮವ್ವ ಸತ್ತ ವರ್ಷದ್ದು. ಹೊರಸಿನ ಮ್ಯಾಗಿಂದು ನಿಮ್ಮ ಮನೆಯವರ ಬೆರಳು ಹೋಯ್ತಲ್ಲ, ಆ ವರ್ಷದ್ದು. ಅಪ್ಪಗ ತಾರೀಖು ಬರಂಗಿಲ್ಲ, ಹಿಂಗೇ ನೆನಪು. ಈ ಸಲ ಬರಿ ಹೆಗಲೀಲೆ ಚಹಾದ ಅಂಗಡಿ ಮುಂದ ಹಾದು ಹೋದ್ರ, ಎಲ್ಲಾರೂ ಏನ್ ಕೇಳಿರಬೇಕು ಹೇಳ್ರಿ. ಏನ್ ತಪ್ಪ ಮಾಡಿದಿ, ಅಕ್ಕ ಯಾಕ ಕೊಡಲಿಲ್ಲ, ಅಂತ."

"ಸಾಕು ಬಿಡ ಬೇ" ಎಂದರು ಕಾಕಾ.

ನಾನು ಕ್ಷಮೆ ಕೇಳಬೇಕು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವರ ಮುಖ ನೋಡಿದರೆ, ನಾನು ಕೈಮುಗಿದರೆ ಅವರಿಗೆ ಇನ್ನಷ್ಟು ಕಸಿವಿಸಿ ಆಗುತ್ತದೆ ಎಂದು ತಿಳಿಯಿತು. ಎದ್ದು ಅವರ ಮನೆಯ ಗೂಟಕ್ಕೆ ಬಾರುಕೋಲು ತೂಗುಹಾಕಿದೆ. ಬಂದು ಹೊರಸಿನ ಎದುರು ನೆಲದ ಮೇಲೆ ಕೂತೆ.

"ಕಾಕಾ, ಯುಗಾದಿ ಮಾತು ಕೆಟ್ಟದ. ಮದಲಿಂದ ಮಾತಾಡೂಣು. ಎಷ್ಟಂತೀರಿ?"

ಹಗ್ಗ ಹೊಸೆಯುವ ಕೈ ನಿಂತಿತು. "ಎರಡ ಚೀಲ" ಎಂದರು.

"ಕಾಲು ಚೀಲ" ಎಂದೆ.

ಮಗಳು ಮೊರವನ್ನು ಕೆಳಗಿಟ್ಟಳು. "ಯವ್ವಾ, ಈಕಿ ಇಲ್ಲೀತನಕ ಬಂದೂ ಚೌಕಾಸಿ ಮಾಡಾಕತ್ತಾಳಲ್ಲ. ಫೋನಿನ್ಯಾಗ ಎರಡ ಅಂದಿದ್ರಿ?"

"ಫೋನಿಂದು ಫೋನಿಗಿ. ಕಾಲು ಚೀಲ" ಎಂದೆ.

"ಹಕ್ಕಿಗಿ ಹಾಕ್ತೀರೇನು ಸಣ್ಣವ್ವ, ಕಾಲು ಚೀಲ?" ಎಂದರು ಕಾಕಾ. "ಎರಡಕ್ಕ ಅರ್ಧ ಕಡಿಮಿ ಮಾಡ್ರಿ."

"ಬಲಗಡಿ ಎತ್ತು ನಮ್ಮ ಮನೆಯವರನ್ನ ಬದುವಿನ ಮ್ಯಾಲೆ ಕೆಡವ್ಯಾದ. ಅದನ್ನ ಹಂಗ ಬೆಳೆಸಿದವರು ನೀವು. ಅದಕ್ಕ ಅರ್ಧ ಚೀಲ ಮುರಕೋತೇನಿ."

"ಅದು ಮನಶಾರ ನೋಡಿ ಕೆಡವತದ್ರಿ" ಎಂದರು, ಮೊದಲ ಸಲ ಹಲ್ಲು ಕಾಣಿಸಿ.

ಒಂದು ತಾಸು ಆಯಿತು. ನಾನು ಒಂದು ಹಿಡಿಯನ್ನೂ ಸುಮ್ಮನೆ ಬಿಡಲಿಲ್ಲ, ಅವರೂ ಬಿಡಲಿಲ್ಲ. ನಿಂತದ್ದು ಒಂದು ಚೀಲಕ್ಕೆ, ಯುಗಾದಿಯಂದು ನಿಂತಿದ್ದ ಅದೇ ಜಾಗಕ್ಕೆ. ನಾನು ಎದ್ದು ಗೂಟದಿಂದ ಬಾರುಕೋಲು ತೆಗೆದು ಎರಡೂ ಕೈಯಿಂದ ಕೊಟ್ಟೆ. ಅವರು ತಗೊಂಡರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಯುಗಾದಿಯಂದೂ ತಗೊಂಡೇ ಇದ್ದರಲ್ಲ. ಕಂಬಳಿಯ ಸುದ್ದಿ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನುಂಗಿಕೊಂಡೆ. ಮಗಳು ಮಾತ್ರ ಬಸ್ಸಿನವರೆಗೆ ಬಂದು, "ಊಟ ಮಾಡ್ಲಾರದೇ ಹೋಗಬಾರದು" ಎಂದು ಎರಡು ರೊಟ್ಟಿ ಸುತ್ತಿಕೊಟ್ಟಳು. ಆ ಊರಿಗೆ ಹೋಗುವಾಗ ಒಂದು ಕೋಲಿತ್ತು, ಬರುವಾಗ ರೊಟ್ಟಿ ಇತ್ತು. ಲಾಭವೋ ನಷ್ಟವೋ ಲೆಕ್ಕ ಹತ್ತಲಿಲ್ಲ.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನ ಎತ್ತು ಕೊಳ್ಳುವವನು ಫೋನ್ ಮಾಡಿದ. ನನ್ನ ಗಂಡ ನನ್ನ ಮುಖ ನೋಡಿದರು. ಇನ್ನೊಂದು ದಿನ ಎಂದು ಕೈಸನ್ನೆ ಮಾಡಿದೆ.

ಆ ಮರುಬೆಳಿಗ್ಗೆ ಒಲೆ ಹಚ್ಚುತ್ತಿದ್ದೆವು. ಕೆಳಗೆ ಕೊರಳ ಗಂಟೆ ಅಲುಗಿತು. ಎತ್ತು ಮಲಗಿದಲ್ಲಿಂದ ಎದ್ದರೆ ಬರುವ ಸದ್ದು. ಹೊರಗಿನವರು ಬಂದರೆ ಅವು ಏಳುವುದಿಲ್ಲ. ಅತ್ತೆಯ ಕೈ ರೊಟ್ಟಿಯ ಮೇಲೆ ನಿಂತಿತು. ಕೆಳಗೆ ಕಾಕಾ ಎತ್ತಿನ ಕುತ್ತಿಗೆ ತಡವಿ, "ಎಷ್ಟ ಹಚ್ಚ್ಯಾರೋ ನಿನಗ, ಹಳದೀಲೆ ಮದುಮಗ ಆಗೀದಿ" ಎನ್ನುತ್ತಿದ್ದರು. ಬಾರುಕೋಲು ಅವರ ಬಗಲಲ್ಲಿತ್ತು.

ಏನೂ ಆಗದವರ ಹಾಗೆ ನೊಗ ಹೂಡಿದರು. ಬುತ್ತಿ ಕೊಟ್ಟೆ, ತಗೊಂಡರು. ಎತ್ತು ಹೊಡೆದುಕೊಂಡು ಬಾಗಿಲು ದಾಟಿದರು. ಅತ್ತೆ ನನ್ನ ಬೆನ್ನಿಗೆ ಮೊಣಕೈಯಿಂದ ತಿವಿದರು, ತಾವು ಏಳಲಿಲ್ಲ. ನಾನು ಟ್ರಂಕಿಗೆ ಓಡಿ, ಕಂಬಳಿ ತೆಗೆದು, ಮೆಟ್ಟಿಲು ಇಳಿದೆ. ಅವರು ಆಗಲೇ ಮುತ್ಯಾನ ಕಟ್ಟೆಯವರೆಗೆ ಹೋಗಿದ್ದರು.

"ಕಾಕಾ, ನಿಲ್ರಿ."

ನಿಂತರು. ಕಂಬಳಿ ಬಿಡಿಸಿ ಹೆಗಲಿಗೆ ಹಾಕಿದೆ. ನನ್ನ ಕೈ ಅಷ್ಟು ಎತ್ತರಕ್ಕೆ ಸರಿಯಾಗಿ ನಿಲುಕದೆ ಅದು ಒಂದು ಬದಿಗೆ ಜಾರಿತು. ಅವರೇ ಸರಿ ಮಾಡಿಕೊಂಡರು. ಕಟ್ಟೆಯ ಮೇಲೆ ಮುತ್ಯಾ ಬೇವಿನಕಡ್ಡಿ ಜಗಿಯುವುದನ್ನು ನಿಲ್ಲಿಸಿದ್ದರು.

"ಈಗ್ಯಾಕ್ರಿ ಸಣ್ಣವ್ವ, ಬ್ಯಾಸಗಿ ಅದ" ಎಂದರು ಕಾಕಾ.

ಮುಂದಿನ ಮಾತು ನನ್ನದು ಎಂಬುದು ತಟ್ಟನೆ ಹೊಳೆಯಲಿಲ್ಲ. ಹಿಂದಿನಿಂದ, ಒಲೆಯ ಮುಂದಿನಿಂದಲೇ, ಅತ್ತೆ ಗಟ್ಟಿಯಾಗಿ ಕೆಮ್ಮಿದರು.

"ಮಳಿ ಹೇಳಿ ಬರ್ತದೇನ್ರಿ ಕಾಕಾ" ಎಂದೆ.

ಹೊಲಕ್ಕೆ ಹೋಗುವ ದಾರಿ ಎಡಕ್ಕೆ. ಅವರು ಎತ್ತು ಹೊಡೆದುಕೊಂಡು ಬಲಕ್ಕೆ ತಿರುಗಿದರು, ಚಹಾದ ಅಂಗಡಿಯ ಕಡೆಗೆ.

ಈಗ ನಿಮಗೆ ನಾನು ಹೇಳುವುದಿಷ್ಟು. ಚೌಕಾಸಿ ಬಿಡಬೇಡಿ. ಚೌಕಾಸಿ ಮಾಡದೆ ಕೇಳಿದ್ದನ್ನು ಕೊಟ್ಟರೆ, ಎದುರಿನವರಿಗೆ ತಾವು ಕಡಿಮೆ ಕೇಳಿದೆವೇನೋ ಎಂಬ ಹುಳು ಬೀಳುತ್ತದೆ, ಇಲ್ಲವೇ ನೀವು ಕರುಣೆ ತೋರಿಸಿದಿರಿ ಎನಿಸುತ್ತದೆ, ಎರಡೂ ಕೆಟ್ಟದ್ದೇ. ಜಗ್ಗಾಡಿ, ನಗುತ್ತ ಜಗ್ಗಾಡಿ. ಆದರೆ ಮನೆಗೆ ಕೆಲಸಕ್ಕೆ ಬರುವವರು ಯಾರೇ ಇರಲಿ, ಮಾತಿಗೆ ಕೂಡುವ ಮೊದಲು ಅವರ ಕೊಸರು ಏನು ಎಂದು ಮನಸ್ಸಿನಲ್ಲಿ ಬೇರೆ ತೆಗೆದಿಡಿ. ಹಿಂದಿನವರು ಏನು ಕೊಡುತ್ತಿದ್ದರು ಎಂದು ಹಿರಿಯರನ್ನು ಕೇಳಿ ತಿಳಿದುಕೊಳ್ಳಿ, ನನ್ನ ಹಾಗೆ ಅರ್ಧ ಕೇಳಿಸಿಕೊಳ್ಳಬೇಡಿ. ಅದರ ಬೆಲೆ ಬಾಯಲ್ಲಿ ಬರಬಾರದು. ಸಿಟ್ಟು ಬಂದ ದಿನವೂ ಬರಬಾರದು. ಹಳೆಯದನ್ನು ಕೊಟ್ಟು ಕೊಸರು ಎನ್ನಬೇಡಿ.

ಕಂಬಳಿಯೇ ಕೊಡುವವರಿದ್ದರೆ, ನೇಯುವವರ ಮನೆಗೇ ಹೋಗಿ ತನ್ನಿ. ರಸ್ತೆಯ ಬದಿಯಲ್ಲಿ ರಾಶಿ ಹಾಕಿ ಮಾರುವುದರಲ್ಲಿ ಉಣ್ಣೆಗಿಂತ ಬೇರೆ ನೂಲೇ ಹೆಚ್ಚು. ಒದ್ದೆ ಬಿಳಿ ಬಟ್ಟೆಯಿಂದ ತಿಕ್ಕಿ ನೋಡಿ, ಕಪ್ಪು ಹತ್ತಿದರೆ ಬಣ್ಣ ಹಾಕಿದ್ದು, ಬೇಡ. ಒಂದು ಎಳೆ ಕಿತ್ತು ಬೆಂಕಿಕಡ್ಡಿ ಗೀರಿ ಸುಡಿ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಪ್ಲಾಸ್ಟಿಕ್ಕಿನ ವಾಸನೆ ಬಂದರೆ ವಾಪಸ್ ಕೊಡಿ. ಹದಿನೆಂಟು ಹೇಳಿದರೆ ಹತ್ತರಿಂದ ಶುರುಮಾಡಿ. ಅಲ್ಲಿ ಎಷ್ಟು ಬೇಕಾದರೂ ಜಗಳಾಡಿ, ನೇಯುವವನಿಗೆ ಅದರ ರೂಢಿ ಇದೆ. ಮನೆಗೆ ತಂದ ಮೇಲೆ ಬೆಲೆಯನ್ನು ಮರೆತುಬಿಡಿ, ನಾನು ಈಗ ನಿಮಗೆ ಹೇಳಿದ ಹಾಗೆ ಯಾರಿಗೂ ಹೇಳಬೇಡಿ. ಕೊಡುವಾಗ ಅವರು ಎದ್ದು ನಾಲ್ಕು ಹೆಜ್ಜೆ ಹೋಗಲಿ. ಎರಡೇ ಹೆಜ್ಜೆಗೆ ಕರೆದರೆ ಮಾತಿನ ಬಾಕಿ ಕೊಟ್ಟ ಹಾಗಾಗುತ್ತದೆ. ಆರಕ್ಕೆ ಮೀರಿದರೆ, ನನ್ನನ್ನು ಕೇಳಿ, ಜೇವರ್ಗಿಯವರೆಗೆ ಹೋಗಬೇಕಾಗುತ್ತದೆ.